ಅಜ್ಜಿ ಉಳ್ಕೊಂಡ್ರಾ?

ವಾರಾಣಸಿಯ ನಮ್ಮ ಆಸ್ಪತ್ರೆಗೆ, ಇಂಗ್ಲಿಷ್ ರಿಪೋರ್ಟು ಓದಿ ರೋಗಿಗಳಿಗೆ ಬಿಡಿಸಿ ಹೇಳುವವರು ಬೇಕಾಗಿದ್ದರು. ಪರೀಕ್ಷೆಗೆಂದು ನಾನು ಅಜ್ಜಿಯೊಬ್ಬರ ಕಾಯಿಲೆಯ ಕಥೆಯನ್ನು ಇಂಗ್ಲಿಷಿನಲ್ಲಿ ಕೊಟ್ಟು, ಕೆಳಗೆ ಪ್ರಶ್ನೆಗಳನ್ನು ಹಾಕಿದ್ದೆ. ಊರಿನ ಲಂಕಾ ಬಡಾವಣೆಯ ಕೋಚಿಂಗ್ ಕ್ಲಾಸುಗಳಲ್ಲಿ ಪಳಗಿದವರು ಕಥೆ ಓದುವ ಗೋಜಿಗೇ ಹೋಗದೆ, ಪ್ರಶ್ನೆ ನೋಡಿಕೊಂಡು ಉತ್ತರ ಹೆಕ್ಕಿ ಚಕಚಕನೆ ಮುಗಿಸಿದರು. ಕೇದಾರ ಘಾಟಿನ ಕನ್ನಡ ಪುರೋಹಿತರ ಮಗಳೊಬ್ಬಳು ಮಾತ್ರ ಕಥೆಯನ್ನೇ ಓದುತ್ತಾ ಕೂತು, ಅರ್ಧ ಪ್ರಶ್ನೆಗಳನ್ನು ಹಾಗೇ ಬಿಟ್ಟಳು.

"ಯಾಕಮ್ಮಾ, ಟೈಮ್ ಸಾಲ್ಲಿಲ್ವಾ?" ಅಂದೆ.

ಕನ್ನಡ ಕೇಳಿ ಅವಳಿಗೆ ಧೈರ್ಯ ಬಂತು. "ಸರ್, ಅಜ್ಜೀನ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದ್ರು, ಕಥೆ ಅಲ್ಲಿಗೇ ನಿಂತುಬಿಟ್ಟಿದೆ. ಉಳ್ಕೊಂಡ್ರಾ?"

"ಉಳ್ಕೊಂಡ್ರು," ಅಂದೆ. ಕೆಲಸವನ್ನೂ ಅವಳಿಗೇ ಕೊಟ್ಟೆ.

ಒಂದೇ ಪುಟಕ್ಕೆ ಹಿಡಿಸಲೆಂದು ಕಥೆ ಕತ್ತರಿಸಿದವನು ನಾನು. ಅಜ್ಜಿಯನ್ನು ಉಳಿಸುವ ಹೊಣೆಯೂ ನನ್ನದೇ ತಾನೇ?