ಎಳ್ಳಿನಷ್ಟು ಸಣ್ಣ ಹವಳ

ನಾನು ಚಿಕ್ಕವನಿದ್ದಾಗ ಕುಂಬಳೆಯ ನಮ್ಮ ಮನೆಯ ಜಗಲಿಯಲ್ಲಿ ಎರಡು ಸರಕಾರಗಳು ನಡೆಯುತ್ತಿದ್ದವು, ಮಕ್ಕಳೇ. ಎರಡಕ್ಕೂ ರಾಜರು ಒಬ್ಬರೇ, ನನ್ನ ಅಪ್ಪ. ಬೆಳಿಗ್ಗೆಯೂ ಸಂಜೆಯೂ ಅವರು ಚಾಪೆಯ ಮೇಲೆ ಕುಳಿತು ಮಣಿಸರ ಪೋಣಿಸುತ್ತಿದ್ದರು, ತಂತಿ ಬಗ್ಗಿಸಿ ಕಿವಿಯೋಲೆ ಮಾಡುತ್ತಿದ್ದರು. ನಡುವಿನ ಹೊತ್ತಿನಲ್ಲಿ ಕೈ ತೊಳೆದು, ಇದ್ದ ಒಂದೇ ಕೋಟನ್ನು ಏರಿಸಿ ಶಾಲೆಗೆ ಹೋಗಿ ಡ್ರಾಯಿಂಗ್ ಮಾಸ್ಟ್ರಾಗುತ್ತಿದ್ದರು.

ಎರಡು ರಾಜ್ಯಗಳ ಗಡಿ ಮಾತ್ರ ಸ್ವಲ್ಪ ಅಸ್ಪಷ್ಟವಾಗಿತ್ತು. ಶಾಲೆಯಲ್ಲಿ ಮಾವಿನಕಾಯಿ ಬಿಡಿಸುವ ಮಕ್ಕಳಿಗೆ ಅಪ್ಪ, “ಗೆರೆ ನೂಲಿನ ಹಾಗೆ ಬರಬೇಕು, ಗಂಟು ಕಾಣಬಾರದು” ಎನ್ನುತ್ತಿದ್ದರು. ಮನೆಗೆ ಓಲೆ ಕೊಳ್ಳಲು ಬಂದ ಹೆಂಗಸರಿಗೆ ನೆರಳು ಬೆಳಕಿನ ಬಗ್ಗೆ ಪಾಠ ಮಾಡುತ್ತಿದ್ದರು. ಕಡಲ ಬದಿಯ ಬ್ಯಾರಿಗಳ ಮನೆಯ ಒಬ್ಬರು ಅಜ್ಜಿ ಮೊಮ್ಮಗಳಿಗೆ ಲೋಲಾಕು ಕೊಳ್ಳಲು ಬಂದು, ಇಡೀ ಪಾಠ ಕೇಳಿ, ಕೊನೆಗೆ, “ಮಾಸ್ಟ್ರೇ, ಪರೀಕ್ಷೆ ಯಾವಾಗ?” ಎಂದು ಕೇಳಿದ್ದುಂಟು.

“ನಿಮ್ಮದು ಎರಡು ದೋಣಿಯಲ್ಲಿ ಕಾಲು” ಎಂದು ಅಮ್ಮ ಆಗಾಗ ಹೇಳುತ್ತಿದ್ದಳು.

“ಎರಡೂ ದೋಣಿ ಒಂದೇ ಕಡೆಗೆ ಹೋಗ್ತಾ ಉಂಟಲ್ಲ, ನಿನಗೆ ಎಂತ ಕಷ್ಟ?” ಎಂದು ಅಪ್ಪ ಗಂಭೀರವಾಗಿ ಉತ್ತರಿಸುತ್ತಿದ್ದರು.

ಆ ದೋಣಿಗಳು ಬೇರೆ ಬೇರೆ ಕಡೆಗೆ ಹೋದ ಒಂದು ದಿನದ ಕತೆ ಇದು.

ನನ್ನ ಅಕ್ಕನ ಕಣ್ಣು ಸಾಧಾರಣದ್ದಲ್ಲ. ಗೋಡೆಯ ಮೇಲಿನ ಹಲ್ಲಿಯನ್ನು ಅವಳು ಇದ್ದಲಿನಲ್ಲಿ ಪಕ್ಕದಲ್ಲೇ ಬಿಡಿಸಿದರೆ, ಯಾವುದಕ್ಕೆ ಪೊರಕೆ ಎತ್ತಬೇಕೆಂದು ಅಮ್ಮನಿಗೆ ತಿಳಿಯುತ್ತಿರಲಿಲ್ಲ. ಮಂಗಳೂರಿನ ಒಂದು ಚಿತ್ರಕಲಾ ಶಾಲೆಗೆ ಅವಳನ್ನು ಸೇರಿಸಬೇಕೆಂದು ಅಪ್ಪ ಪಣ ತೊಟ್ಟಿದ್ದರು. ಅದಕ್ಕೊಂದು ಪರೀಕ್ಷೆ ಇತ್ತು, ವರ್ಷಕ್ಕೆ ಒಂದೇ ಸಲ. ಮನೆಯ ಹಿರಿಯರು ಹೆಣ್ಣುಮಗುವಿಗೆ ಚಿತ್ರ ಯಾಕೆ ಎಂದು ಗೊಣಗಿ ಗೊಣಗಿ ಕೊನೆಗೆ, “ಒಂದು ಸಲ ಹೋಗಿ ನೋಡಲಿ” ಎಂದು ಒಪ್ಪಿದ್ದರು. ಆ ‘ಒಂದು ಸಲ’ ಎಂಬುದನ್ನು ಅವರು ಒತ್ತಿ ಹೇಳಿದ್ದರು.

ಪರೀಕ್ಷೆಯ ದಿನ ಅಕ್ಕ ನಸುಕಿಗೇ ಎದ್ದು ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಇಸ್ತ್ರಿ ಮಾಡಿದ ಹಸಿರು ಲಂಗ ಉಟ್ಟು, ಪೆನ್ಸಿಲುಗಳನ್ನು ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟು ಜಗಲಿಯಲ್ಲಿ ಕುಳಿತಿದ್ದಳು. ಅಡುಗೆಮನೆಯಿಂದ ಬುತ್ತಿಯ ಬಾಳೆಲೆ ಬಾಡಿಸುವ ಪರಿಮಳ ಬರುತ್ತಿತ್ತು. ಅಪ್ಪ ಕೋಟು ಹಾಕಿಯಾಗಿತ್ತು. ನನಗೂ ಒಂದು ಉದ್ಯೋಗ ಕೊಟ್ಟಿದ್ದರು: ಅಂಗಳದ ಪಾಗಾರದ ಗೋಡೆಯ ಮೇಲೆ ಕುಳಿತು ರೈಲಿನ ಸದ್ದಿಗೆ ಕಿವಿ ಕೊಡುವುದು. ಗಾಡಿ ಮೊಗ್ರಾಲು ಹೊಳೆಯ ಸೇತುವೆಗೆ ಬಂದರೆ ದಡದಡ ಎಂದು ನಮ್ಮ ಮನೆಗೆ ಕೇಳುತ್ತಿತ್ತು. ಆಗ ಎದ್ದು ಓಡಿದರೂ ಸ್ಟೇಷನ್ನಿನಲ್ಲಿ ಅದನ್ನು ಹಿಡಿಯಬಹುದಿತ್ತು. ಅದು ತಪ್ಪಿದರೆ ಬಸ್ಸೇ ಗತಿ. ಬಸ್ಸಿನಲ್ಲಿ ಹೋದರೆ ದಾರಿಯ ಹೊಳೆಗಳನ್ನು ದಾಟಲು ದೋಣಿಗೆ ಕಾದು, ಪರೀಕ್ಷೆ ಮುಗಿದ ಮೇಲೆ ಮಂಗಳೂರು ಸೇರಿ ಪೇಟೆ ನೋಡಿ ಬರಬಹುದಿತ್ತು.

ಅಷ್ಟರಲ್ಲಿ ಬಾಯಾರು ಊರಿನ ಕಡೆಯ ಮೊದಲ ಬಸ್ಸಿನಲ್ಲಿ ಬಂದಿಳಿದ ಇಬ್ಬರು ಹೆಂಗಸರು ನಮ್ಮ ಅಂಗಳಕ್ಕೆ ಕಾಲಿಟ್ಟರು. ಒಬ್ಬಳು ಸೊಸೆ, ಒಬ್ಬರು ಅತ್ತೆ. ಸೊಸೆಯ ಕುತ್ತಿಗೆಯಲ್ಲಿ ಕರಿಮಣಿ ಇರಲಿಲ್ಲ. ಅದರ ಜಾಗದಲ್ಲಿ ದಾರಕ್ಕೆ ಕಟ್ಟಿದ ಒಂದು ಅರಶಿನ ಕೊಂಬು ಇತ್ತು. ಅಂದರೆ ಕರಿಮಣಿಯ ನೂಲು ಕಡಿದಿದೆ ಎಂದು ಅರ್ಥ. ಮದುವೆಯಾದ ಹೆಂಗಸಿನ ಕುತ್ತಿಗೆ ಬರಿದಾಗಿರಬಾರದು, ಹಾಗಾಗಿ ಕೊಂಬು. ಅದು ಪುನಃ ಪೋಣಿಸಿ ಕುತ್ತಿಗೆಗೆ ಬರುವ ತನಕ ಅನ್ನ ನೀರು ಮುಟ್ಟುವ ಕ್ರಮವೂ ಅವರಲ್ಲಿ ಇರಲಿಲ್ಲ.

“ಮಾಸ್ಟ್ರೇ, ನೀವು ಎಲ್ಲಿಗೋ ಹೊರಟದ್ದು ಕಾಣ್ತದೆ” ಎಂದರು ಅತ್ತೆ. “ಆದರೆ ಇವಳು ನಿನ್ನೆ ಮಧ್ಯಾಹ್ನದಿಂದ ನೀರೂ ಕುಡಿಯಲಿಲ್ಲ. ಮಗ ಇವತ್ತು ಬೊಂಬಾಯಿಯಿಂದ ಬರ್ತಾನೆ. ಹೇಗಾದರೂ ಒಂದು ಪೋಣಿಸಿ ಕೊಡಿ.”

ಸೊಸೆಯ ಬಾಡಿದ ಮುಖದಲ್ಲಿ ತುಟಿ ಒಣಗಿತ್ತು. ಸೆರಗಿನ ಗಂಟಿನಲ್ಲಿದ್ದ ಮಣಿ, ಹವಳ, ತಾಳಿಗಳನ್ನು ಚಾಪೆಯ ಮೇಲೆ ಸುರಿದಳು.

ಅಪ್ಪ ಅಕ್ಕನ ಮುಖ ನೋಡಿದರು. “ಪೋಣಿಸಿ ಅಪ್ಪ, ಗಾಡಿಗೆ ಇನ್ನೂ ಹೊತ್ತು ಉಂಟು” ಎಂದಳು ಅಕ್ಕ. ನಿಜಕ್ಕೂ ಹೊತ್ತು ಇತ್ತು. ಅಪ್ಪ ಕೋಟು ಬಿಚ್ಚದೆಯೇ ಕುಳಿತರು.

ನೂಲಿಗೆ ಮೇಣ ಉಜ್ಜುವ ಪರಿಮಳ, ಮಣಿಗಳು ಒಂದಕ್ಕೊಂದು ತಾಗುವ ಕಿಟಿಕಿಟಿ, ಅಪ್ಪನ ಬೆರಳಿನ ಓಟ. ಅಂಥ ವೇಗವನ್ನು ನಾನು ಮತ್ತೆ ಯಾರಲ್ಲೂ ನೋಡಿಲ್ಲ. ಅಕ್ಕ ಬಣ್ಣ ನೋಡಿ, ಗಾತ್ರ ನೋಡಿ ಮಣಿಗಳನ್ನು ಸಾಲಿಗೆ ಹಾಕಿ ಕೊಡುತ್ತಿದ್ದಳು. ತಾಳಿಯ ಎರಡು ಬದಿಗೆ ಎರಡು ಹವಳ ಬರಬೇಕಿತ್ತು. ಒಂದು ಹವಳ ಸರ ಕಡಿದಾಗಲೇ ಬಾವಿಗೆ ಬಿದ್ದುಹೋಗಿತ್ತಂತೆ. ಅಪ್ಪ ತಮ್ಮ ಡಬ್ಬಿಯಿಂದ ಒಂದು ತೆಗೆದು ಸೇರಿಸಿದರು. ಸರ ಮುಗಿಯಿತು. ಇನ್ನು ಕೊನೆಯ ಗಂಟು ಹಾಕಿದರೆ ಆಯಿತು. ಅಮ್ಮ ಬುತ್ತಿ ತಂದು ಮೆಟ್ಟಿಲ ಮೇಲಿಟ್ಟಳು.

ಆಗ ಅಕ್ಕ ಮೆಲ್ಲಗೆ ಹೇಳಿದಳು. “ಅಪ್ಪ, ಎಡಗಡೆಯ ಹವಳ ಸಣ್ಣದಾಯ್ತು.”

ಜಗಲಿಯಲ್ಲಿ ಎಲ್ಲರೂ ಬಗ್ಗಿ ನೋಡಿದರು. ಯಾರಿಗೂ ಕಾಣಲಿಲ್ಲ. ಅಪ್ಪ ಸರವನ್ನು ಬೆಳಕಿಗೆ ಹಿಡಿದರು. ಅವರ ಮುಖದಲ್ಲಿ ನಿಧಾನಕ್ಕೆ ಒಂದು ನಗು ಬಂತು. “ಹೌದಲ್ಲ” ಎಂದರು. “ಎಳ್ಳಿನಷ್ಟು.”

“ಅಷ್ಟು ಯಾರು ನೋಡ್ತಾರೆ ಮಾರಾಯ್ರೇ?” ಎಂದರು ಅತ್ತೆ. “ನನ್ನ ಮಗ ಭೂತಕನ್ನಡಿ ಹಿಡ್ಕೊಂಡು ಬರುವುದಿಲ್ಲ.”

“ನೋಡುವವರು ಇಲ್ಲೇ ಇದ್ದಾರಲ್ಲ” ಎಂದು ಅಪ್ಪ ಅಕ್ಕನತ್ತ ಗದ್ದ ಎತ್ತಿ ತೋರಿಸಿದರು. ಆ ಮಾತಿನಲ್ಲಿದ್ದ ಹೆಮ್ಮೆಯನ್ನು ನೀವು ಕೇಳಬೇಕಿತ್ತು. ಮಂಗಳೂರಿನ ಪರೀಕ್ಷೆಯಲ್ಲಿ ಮಗಳು ಜಗಲಿಯಲ್ಲೇ ಪಾಸಾದ ಹಾಗೆ ಅವರು ಮಾತಾಡಿದರು. ಮಾತಾಡುತ್ತಲೇ ಸರವನ್ನು ಬಿಚ್ಚತೊಡಗಿದರು.

ಡಬ್ಬಿಯ ಹವಳಗಳನ್ನೆಲ್ಲ ಅಕ್ಕ ಅಂಗೈಗೆ ಸುರಿದುಕೊಂಡು ಜೋಡಿ ಹುಡುಕುತ್ತಿದ್ದಳು. ಆಗ ನನಗೆ ದಡದಡ ಕೇಳಿತು. “ಗಾಡಿ ಸೇತುವೆಗೆ ಬಂತು” ಎಂದು ಪಾಗಾರದಿಂದ ಕೂಗಿದೆ.

ಯಾರೂ ಏಳಲಿಲ್ಲ. ತಾಳಿ ನೂಲಿಗೇರಿದ ಮೇಲೆ ಅದನ್ನು ಅರ್ಧಕ್ಕೆ ನೆಲಕ್ಕಿಡಬಾರದು ಎಂಬುದು ಅಪ್ಪ ತಮ್ಮ ಅಮ್ಮನಿಂದ ಮಣಿಯ ಕೆಲಸದ ಜೊತೆಗೇ ಕಲಿತ ನಿಯಮ. ಅದನ್ನು ಮೀರುವ ಧೈರ್ಯ ಅವರಿಗಿರಲಿಲ್ಲ. ಎದುರಿಗೆ ನೀರು ಕುಡಿಯದ ಒಂದು ಜೀವ ಬೇರೆ. ಹುಡುಗಿಯೊಬ್ಬಳೇ ಮಂಗಳೂರಿಗೆ ಹೋಗುವ ಸಂಗತಿ ಆ ಕಾಲದ ಪಂಚಾಂಗದಲ್ಲೇ ಇರಲಿಲ್ಲ.

“ನೀವು ಹೊರಡಿ, ನೀವು ಬರುವ ತನಕ ಸರವನ್ನು ನಾನು ಹೇಗಾದರೂ ಹಿಡ್ಕೊಂಡು ಕೂತಿರ್ತೇನೆ” ಎಂದಳು ಅಮ್ಮ. ಅಪ್ಪ ತಲೆ ಎತ್ತಿ ಅಕ್ಕನನ್ನು ನೋಡಿದರು. ಅಕ್ಕ ಅಂಗೈಯಿಂದ ಒಂದು ಹವಳ ಆರಿಸಿ ಅವರ ಸೂಜಿಯ ತುದಿಗೆ ಹಿಡಿದಳು.

“ಇದು ಸರಿ ಉಂಟು ಅಪ್ಪ” ಎಂದಳು.

ಅಪ್ಪ ಪೋಣಿಸಿದರು. ಗಾಡಿ ಬಂದು ನಿಂತು ಕೂಗಿ ಹೋಯಿತು. ಸೊಸೆ ಕರಿಮಣಿಯನ್ನು ಕುತ್ತಿಗೆಗೆ ಹಾಕಿ, ಕಣ್ಣಿಗೆ ಒತ್ತಿಕೊಂಡು, ಅಮ್ಮ ಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದಳು. ಅವರಿಬ್ಬರಿಗೆ ಪರೀಕ್ಷೆಯ ವಿಷಯ ಯಾರೂ ಹೇಳಲಿಲ್ಲ. ಮೆಟ್ಟಿಲ ಮೇಲಿದ್ದ ಬುತ್ತಿಯನ್ನೇ ಬಿಚ್ಚಿ ಅಮ್ಮ ಅವರಿಗೆ ಬಡಿಸಿದಳು. ಅಪ್ಪ ಮಾತ್ರ ಊಟದ ಹೊತ್ತಾದರೂ ಕೋಟು ಬಿಚ್ಚಲಿಲ್ಲ.

ಮರುವರ್ಷ ಹೋದರಾಯಿತು ಎಂದು ಮಾತಾಡಿಕೊಂಡರು. ಮರುವರ್ಷ ಅಕ್ಕನ ಮದುವೆಯಾಯಿತು. ಅವಳ ಕರಿಮಣಿಯನ್ನು ಅಪ್ಪನೇ ಪೋಣಿಸಿದರು, ಎರಡೂ ಹವಳ ಸಮ ಇದ್ದವು. ಅಲ್ಲಿಂದ ಮುಂದೆ ಸಾಯುವ ತನಕ, ಬೆಳಗಿನ ಗಾಡಿ ಸೇತುವೆಯ ಮೇಲೆ ಬಂದಾಗ ಅಪ್ಪನ ಸೂಜಿ ಒಂದು ಗಳಿಗೆ ನಿಲ್ಲುತ್ತಿತ್ತು. ಎರಡು ದೋಣಿಯ ಮಾತನ್ನು ಅಮ್ಮ ಮತ್ತೆ ಎತ್ತಲಿಲ್ಲ.

ಈಗ ನಿಮ್ಮ ಕಾಲ. ನಿಮ್ಮೆಲ್ಲರಿಗಿಂತ ದೊಡ್ಡವಳಾದ ನನ್ನ ಮೊಮ್ಮಗಳು ಶಾಲೆಯಲ್ಲಿ ಚಿತ್ರ ಕಲಿಸುತ್ತಾಳೆ, ಮನೆಯಲ್ಲಿ ಮಣ್ಣಿನ ಓಲೆ ಮಾಡಿ ಮಾರುತ್ತಾಳೆ. ಮುತ್ತಜ್ಜನ ಎರಡು ಸರಕಾರಗಳೂ ಅವಳ ಕೈಗೆ ಬಂದಿವೆ. ಆದರೆ ಗಡಿ ಸ್ಪಷ್ಟ. ಶಾಲೆ ಇರುವ ದಿನ ಓಲೆಗೆ ಯಾರಾದರೂ ಕೇಳಿದರೆ ಅವಳ ಫೋನು ತಾನಾಗಿಯೇ, “ಶನಿವಾರ ಮಾತಾಡುವ” ಎಂದು ಉತ್ತರ ಕಳಿಸುತ್ತದೆ. ಕೇಳಿದವರು ಶನಿವಾರದ ತನಕ ಕಾಯುತ್ತಾರೆ, ಯಾರೂ ನೀರು ಕುಡಿಯುವುದನ್ನು ಬಿಡುವುದಿಲ್ಲ. ಚಿತ್ರ ಕಲಿಯಲು ಅವಳು ಒಬ್ಬಳೇ ರೈಲು ಹತ್ತಿ ಹೋಗಿ ಬಂದವಳು. ಆ ಸೇತುವೆ ಈಗಲೂ ಸದ್ದು ಮಾಡುತ್ತದೆ. ದೊಡ್ಡ ದೊಡ್ಡ ಗಾಡಿಗಳು ಮಾತ್ರ ಕುಂಬಳೆಯಲ್ಲಿ ಯಾರಿದ್ದಾರೆ ಎಂದು ತಿರುಗಿಯೂ ನೋಡದೆ ಹೋಗುತ್ತವೆ.

ಮೊನ್ನೆ ಅಕ್ಕ ಬಂದಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ, ಕಣ್ಣಿಗೆ ದಪ್ಪ ಕನ್ನಡಕ. ಮೊಮ್ಮಗಳು ಹೊಸ ಓಲೆಯ ಜೋಡಿಯೊಂದನ್ನು ಅವಳ ಅಂಗೈಯಲ್ಲಿಟ್ಟಳು. ಒಂದು ಕಿವಿಗೆ ದೊಡ್ಡ ಹಲಸಿನ ಎಲೆ, ಇನ್ನೊಂದಕ್ಕೆ ಪುಟ್ಟ ಕಾಳು.

“ಮಗಾ, ಇದು ಸಮ ಇಲ್ಲ” ಎಂದಳು ಅಕ್ಕ.

“ಅದು ಬೇಕೆಂದೇ ಹಾಗೆ ಮಾಡಿದ್ದು ಅಜ್ಜಿ. ಈಗ ಸಮ ಇದ್ದರೆ ಯಾರಿಗೂ ಬೇಡ.”

ಅಕ್ಕ ನನ್ನ ಮುಖ ನೋಡಿದಳು. ನಾನು ಅಂಗಳ ನೋಡಿದೆ. ಅವಳು ಎರಡೂ ಓಲೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಪ್ಪ ಹಿಡಿಯುತ್ತಿದ್ದ ಹಾಗೆಯೇ, ತುಂಬ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೆಳಗಿಟ್ಟು ಹೇಳಿದಳು.

“ಚಂದ ಉಂಟು. ಆದರೂ ಸಣ್ಣದು ಸಣ್ಣದೇ ಅಲ್ಲವಾ?”