ಅಪ್ಪಯ್ಯನ ಪಾಲಿನ ಗಂಟೆ

ನ್ಯೂಜೆರ್ಸಿಯಲ್ಲಿ ಕನ್ನಡದವರು ಮನೆ ಮಾಡುವುದು ಪ್ಲೇನ್ಸ್‌ಬರೋದಲ್ಲಿ, ಇಲ್ಲವೇ ಸಮರ್‌ಸೆಟ್‌ನಲ್ಲಿ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬಂತೆ ನಾವು ಮಾಡಿದ್ದು ಕೊಲ್ಲಿಯ ದಂಡೆಯಲ್ಲಿರುವ ಒಂದು ಹಳೆಯ ಬಂದರು ಪಟ್ಟಣದಲ್ಲಿ. ಮನೆ ನೋಡಲು ಬಂದ ಗೆಳೆಯರು ಮೊದಲು ಶಾಲೆಯ ರೇಟಿಂಗ್ ಕೇಳಿದರು. ಆಮೇಲೆ ಇದೇನು ವಾಸನೆ ಎಂದು ಕೇಳಿದರು. ನೀರು ಇಳಿದಾಗ ದಂಡೆಯ ಕೆಸರು ಹಾಗೆ ನಾರುತ್ತದೆ. ನನ್ನ ಗಂಡ ಮೈಸೂರಿನವನು, ಕನ್ನಂಬಾಡಿ ಕಟ್ಟೆಗಿಂತ ಹೆಚ್ಚು ನೀರು ಒಂದೇ ಕಡೆ ಇರುವುದು ಅನಗತ್ಯ ಎಂದು ನಂಬಿದವನು. "ಮನೆ ಚೀಪಾಗಿ ಸಿಕ್ತು, ಟ್ರೈನಲ್ಲಿ ಕಮ್ಯೂಟ್ ಮಾಡಬಹುದು" ಎಂದು ಅವನು ಎಲ್ಲರಿಗೂ ವಿವರಿಸಿದ. ನನಗೆ ಆ ವಾಸನೆಯೇ ಬೇಕಿತ್ತು ಎಂಬುದನ್ನು ನಾನು ಯಾರಿಗೂ ವಿವರಿಸಲಿಲ್ಲ.

ಪಟ್ಟಣಕ್ಕೆ ತನ್ನ ಸಮುದ್ರದ ಇತಿಹಾಸದ ಬಗ್ಗೆ ಬಹಳ ಹೆಮ್ಮೆ. ಗ್ರಂಥಾಲಯದ ಮುಂದೆ ಒಂದು ದೊಡ್ಡ ಲಂಗರು ಇದೆ. ಅದು ಯಾವ ಹಡಗಿನದೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಹಳೆಯ ಕ್ಯಾಪ್ಟನ್‌ಗಳ ಮನೆಗಳಿಗೆ ಫಲಕ ಹಾಕಿದ್ದಾರೆ. ಕ್ಷೌರದ ಅಂಗಡಿಯಲ್ಲೂ ಗೋಡೆಗೆ ಹಗ್ಗ ಸುತ್ತಿದ್ದಾರೆ. ಇಲ್ಲಿಂದ ಹಡಗು ಹೊರಡುವುದು ನಿಂತು ಎಷ್ಟೋ ಕಾಲವಾಗಿರುವುದರಿಂದ ಅದರ ಬಗ್ಗೆ ಮಾತಾಡಲು ಎಲ್ಲರಿಗೂ ಪುರುಸೊತ್ತು ಇದೆ. ಈಗ ದೊಡ್ಡ ಹಡಗುಗಳು ದೂರದಲ್ಲಿ, ನಮ್ಮ ಕಡೆ ತಿರುಗಿಯೂ ನೋಡದೆ, ನ್ಯೂಯಾರ್ಕ್ ಕಡೆಗೆ ಹೋಗುತ್ತವೆ.

ನಾನು ಹುಟ್ಟಿದ್ದೂ ಬಂದರಿನಲ್ಲೇ, ಕುಂದಾಪುರದ ಕಡೆ. ಅಲ್ಲಿ ಯಾರೂ ಲಂಗರನ್ನು ಗ್ರಂಥಾಲಯದ ಮುಂದೆ ಇಡುತ್ತಿರಲಿಲ್ಲ, ಲಂಗರಿಗೆ ಬೇರೆ ಕೆಲಸ ಇತ್ತು. ಅಪ್ಪಯ್ಯ ಸರಕಿನ ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ವರ್ಷಕ್ಕೊಮ್ಮೆ ಬರುತ್ತಿದ್ದ, ಪರದೇಶದ ಸಾಬೂನು ತರುತ್ತಿದ್ದ, ಮನೆಯಲ್ಲಿದ್ದಷ್ಟು ದಿನವೂ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದ. ಇಂಜಿನ್ ಸದ್ದಿನ ಅಭ್ಯಾಸ. ನನಗೆ ಹನ್ನೊಂದು ವರ್ಷವಾಗಿದ್ದಾಗ, ಒಂದು ಮಳೆಗಾಲ, ಹಡಗಿನ ಕಂಪನಿಯ ಕಡೆಯವರೊಬ್ಬರು ಮನೆಗೆ ಬಂದರು. ಅಟ್ಲಾಂಟಿಕ್‌ನಲ್ಲಿ ಒಂದು ಬೆಳಿಗ್ಗೆ ನೋಡಿದಾಗ ಅಪ್ಪಯ್ಯ ಹಡಗಿನಲ್ಲಿರಲಿಲ್ಲ, ಹುಡುಕಿದರೂ ಸಿಗಲಿಲ್ಲ, ಕಾಣೆಯಾಗಿದ್ದಾರೆ ಎಂದರು. ಅಮ್ಮ ಅವರಿಗೆ ಚಹಾ ಕೊಟ್ಟಳು.

"ಹಡಗಿನಲ್ಲಿ ಇಲ್ಲ ಅಂದ್ರೆ ಬೇರೆ ಎಲ್ಲೋ ಇದ್ರ್ ಅಂತ ಆಯ್ತಲ್ಲ" ಎಂದಳು.

ಬಂದವರು ಚಹಾ ಕುಡಿದು ಹೋದರು. ಅಮ್ಮನ ಕುಂಕುಮ ಹಣೆಯಲ್ಲೇ ಉಳಿಯಿತು, ಕರಿಮಣಿ ಕುತ್ತಿಗೆಯಲ್ಲೇ ಉಳಿಯಿತು. ಹೆಣ ಸಿಗದವರಿಗೆ ದರ್ಭೆಯ ಗೊಂಬೆ ಮಾಡಿ ಸುಡುವ ಕ್ರಮ ಉಂಟೆಂದು ಭಟ್ಟರು ಒಮ್ಮೆ ಹೇಳಿ ನೋಡಿದರು. ಅವರು ಎರಡನೆಯ ಸಲ ಹೇಳದ ಹಾಗೆ ಅಮ್ಮ ನೋಡಿಕೊಂಡಳು. ಅಲ್ಲಿಂದ ಮುಂದೆ ನಮ್ಮ ಸಂಬಂಧಿಕರ ಫಜೀತಿ ಶುರುವಾಯಿತು. ಮುತ್ತೈದೆಯರ ಊಟಕ್ಕೆ ಅಮ್ಮನನ್ನು ಕರೆಯುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಹಾವೂ ಸಾಯದೆ ಕೋಲೂ ಮುರಿಯದ ಹಾಗೆ ಅವರು ಒಂದು ದಾರಿ ಕಂಡುಕೊಂಡರು: ಕರೆಯುತ್ತಿದ್ದರು, ಆದರೆ ಸ್ವಲ್ಪ ತಡವಾದ ಹೊತ್ತು ಹೇಳುತ್ತಿದ್ದರು. ಅಮ್ಮ ಎಲ್ಲರಿಗಿಂತ ಮೊದಲು ಹೋಗಿ ಕುಳಿತಿರುತ್ತಿದ್ದಳು. ರೇಷನ್ ಅಂಗಡಿಯಲ್ಲಿ ಅಪ್ಪಯ್ಯನ ಪಾಲಿನ ಸಕ್ಕರೆ ಬಹಳ ವರ್ಷ ಬರುತ್ತಲೇ ಇತ್ತು.

ನನ್ನ ಮದುವೆಯ ಕಾಗದದಲ್ಲಿ ಅವನ ಹೆಸರಿನ ಹಿಂದೆ 'ದಿವಂಗತ' ಎಂದು ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. 'ಶ್ರೀ' ಎಂದೇ ಹಾಕಿದರು. ಧಾರೆ ಎರೆದದ್ದು ಸೋದರಮಾವ. ಹುಡುಗಿಯ ತಂದೆ ಎಲ್ಲಿ ಎಂದು ಕೇಳಿದ ಮೈಸೂರಿನ ಬೀಗರಿಗೆ "ರಜೆ ಸಿಕ್ಕಲಿಲ್ಲ" ಎಂದು ಹೇಳಲಾಯಿತು. ಅದು ಪೂರ್ತಿ ಸುಳ್ಳೇನೂ ಅಲ್ಲ. ಮದುವೆಯಾದ ಹೊಸತರಲ್ಲಿ ಗಂಡ "ನಿಮ್ಮಪ್ಪಂಗೆ ಲೀವ್ ಯಾವಾಗ ಸಿಗತ್ತೆ?" ಎಂದು ಕೇಳಿದಾಗ ನಿಜ ಹೇಳಿದೆ. ಅವನು "ಓಕೆ" ಎಂದ.

ಇದೆಲ್ಲ ಈಗ ನಗುತ್ತಾ ಹೇಳುತ್ತೇನೆ. ಆದರೆ ಅಪ್ಪಯ್ಯ ಹೋದಾಗ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ, ಅಳುವುದಕ್ಕೆ ಅಲ್ಲಿ ಯಾರೂ ಸತ್ತಿರಲಿಲ್ಲ. ತಂದೆ ಇಲ್ಲದ ಮಕ್ಕಳಿಗೆ ಊರು ತೋರಿಸುವ ಕನಿಕರ ನನಗೆ ಸಿಗಲಿಲ್ಲ, ತಂದೆಯೂ ಸಿಗಲಿಲ್ಲ. ಐವತ್ತರ ಹತ್ತಿರ ಬಂದರೂ ನನ್ನ ಆಸೆ ಒಂದೇ ಆಗಿತ್ತು: ಅಪ್ಪಯ್ಯ ಒಮ್ಮೆ ಸರಿಯಾಗಿ ಸಾಯಬೇಕು. ಅವನು ಸತ್ತ ಗಳಿಗೆಯಲ್ಲೇ ಅಮ್ಮ ವಿಧವೆಯಾಗುತ್ತಾಳೆ ಎಂಬ ಕಾರಣಕ್ಕೆ ಅದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಿರಲಿಲ್ಲ.

ಅಮ್ಮ ನಮ್ಮಲ್ಲಿಗೆ ಮೊದಲ ಸಲ ಬಂದದ್ದು ಎರಡು ಬೇಸಿಗೆಗಳ ಹಿಂದೆ. ಚೆನ್ನೈನಲ್ಲಿ ವೀಸಾ ಅಧಿಕಾರಿ ಗಂಡನ ಹೆಸರು ಕೇಳಿದಾಗ ಅಮ್ಮ ಪಾಸ್‌ಪೋರ್ಟ್ ತೆರೆದು ಬೆರಳಿಟ್ಟು ತೋರಿಸಿದಳಂತೆ. ನಮ್ಮ ಕಡೆ ಅವಳ ಪ್ರಾಯದ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಅವರು ಏನು ಮಾಡುತ್ತಾರೆ ಎಂದದ್ದಕ್ಕೆ ಹಡಗಿನಲ್ಲಿದ್ದಾರೆ ಎಂದಳು. ಗಂಡ ದುಡಿಯುತ್ತಿರುವ ಹೆಂಗಸು ಖಂಡಿತ ವಾಪಸು ಬರುತ್ತಾಳೆ ಎಂದುಕೊಂಡು ವೀಸಾ ಕೊಟ್ಟರು.

ಬಂದ ಮರುದಿನವೇ ಅವಳನ್ನು ದಂಡೆಗೆ ಕರೆದುಕೊಂಡು ಹೋದೆ. ಅಮ್ಮ ಕೊಲ್ಲಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

"ಇದ್ ಎಂತ ಕಡ್ಲ್ ಮಾರಾಯ್ತಿ? ಅಲೆಯೇ ಇಲ್ಲ. ದೊಡ್ಡ ಕೆರೆ."

ಕೆರೆಯಾದರೂ ದಿನಾ ಅಲ್ಲಿಗೇ ಹೋಗುತ್ತಿದ್ದಳು. ಅಲ್ಲಿಯ ಬೆಂಚಿನ ಮೇಲೆ ಅವಳಿಗೆ ಸಿಕ್ಕಿದ ಗೆಳತಿ ನಮ್ಮ ಎದುರುಮನೆಯ ಅಜ್ಜಿ. ಅವರ ಗಂಡ ಟಗ್‌ಬೋಟಿನ ಕ್ಯಾಪ್ಟನ್ ಆಗಿದ್ದವರು, ಅಂದರೆ ದೊಡ್ಡ ಹಡಗುಗಳನ್ನು ಬಂದರಿನೊಳಗೆ ಎಳೆದು ತರುವ ಗಟ್ಟಿ ದೋಣಿಯವರು. ಜೀವಮಾನವೆಲ್ಲ ನೀರಿನ ಮೇಲಿದ್ದು ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಸತ್ತರು. ಈ ವಿಷಯದಲ್ಲಿ ಅಜ್ಜಿಗೆ ಗಂಡನ ಮೇಲೆ ಸ್ವಲ್ಪ ಬೇಸರವೇ ಇತ್ತು. ಅಮ್ಮನಿಗೆ ಇಂಗ್ಲಿಷ್ ಬಾರದು, ಅಜ್ಜಿಗೆ ಕನ್ನಡ ಬಾರದು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು, ಒಂದು ದಿನವೂ ಭಿನ್ನಾಭಿಪ್ರಾಯ ಬರಲಿಲ್ಲ.

ಅಜ್ಜಿಯ ಬೇಸರಕ್ಕೆ ಕಾರಣ ಇತ್ತು. ಪ್ರತಿ ಬೇಸಿಗೆ ನಮ್ಮ ಪಟ್ಟಣದಲ್ಲಿ ದೋಣಿಗಳನ್ನು ಹರಸುವ ಹಬ್ಬ ನಡೆಯುತ್ತದೆ. ಪಾದ್ರಿ ಬಂದು ಇದ್ದಬದ್ದ ದೋಣಿಗಳಿಗೆಲ್ಲ ನೀರು ಚಿಮುಕಿಸುತ್ತಾರೆ. ಅದಾದ ಮೇಲೆ ಕಟ್ಟೆಯ ತುದಿಯಲ್ಲಿ ಸಮುದ್ರದಲ್ಲಿ ಸತ್ತವರ ಹೆಸರು ಹೇಳುತ್ತಾರೆ, ಹೆಸರಿಗೊಂದರಂತೆ ಗಂಟೆ ಹೊಡೆಯುತ್ತಾರೆ. ಹೆಸರನ್ನು ಮನೆಯವರೇ ಬಾಯಿಬಿಟ್ಟು ಹೇಳಬೇಕು. ಸತ್ತವರು ಯಾವ ದೇಶದವರಾದರೂ ನಡೆಯುತ್ತದೆ, ಆದರೆ ಸಮುದ್ರದಲ್ಲೇ ಸತ್ತಿರಬೇಕು. ಅಜ್ಜಿ ಆ ಹಬ್ಬದ ಮುಖ್ಯಸ್ಥೆ, ಅವರ ಗಂಡನಿಗೆ ಗಂಟೆಯ ಯೋಗ್ಯತೆ ಇಲ್ಲ. ನನ್ನಿಂದ ಅಪ್ಪಯ್ಯನ ಕಥೆ ಕೇಳಿದ ದಿನದಿಂದ ಅವರು ಅವನಿಗೊಂದು ಗಂಟೆ ಕೊಡಿಸಲು ನಿಂತರು. ನಾನು ಬೇಡ ಎನ್ನಲಿಲ್ಲ. ಹೂಂ ಎನ್ನಲೂ ಬಾಯಿ ಬರಲಿಲ್ಲ.

ಹಬ್ಬಕ್ಕೆ ಒಂದು ವಾರವಿದ್ದಾಗ ಅಜ್ಜಿ ಬೆಂಚಿನ ಮೇಲೆ ಅಮ್ಮನ ಕೈ ಹಿಡಿದುಕೊಂಡು, ಕೇಳು ಅವಳನ್ನು ಎಂದು ನನಗೆ ಹೇಳಿದರು. ನಾನು ಹಬ್ಬದ ವಿಷಯ, ಪಾದ್ರಿಯ ವಿಷಯ, ಗಂಟೆಯ ವಿಷಯ ಎಲ್ಲ ಕನ್ನಡದಲ್ಲಿ ಹೇಳಿದೆ. ಗಂಟೆ ಹೊಡೆಯುವುದು ಸತ್ತವರಿಗೆ ಎಂಬ ಮಾತು ಬಂದಾಗ ನನ್ನ ದನಿ ಸಣ್ಣಗಾಯಿತು. ಅಮ್ಮ ದೂರದ ಹಡಗೊಂದನ್ನು ನೋಡುತ್ತಾ ಪೂರ್ತಿ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದುಕೊಂಡೆ. ಎದ್ದು ಹೋಗುತ್ತಾಳೆ ಎಂದೂ ಅನ್ನಿಸಿತು.

"ನೀ ಹೋಗಿ ಹೇಳ್" ಎಂದಳು.

"ಹೇಳಿದ್ರೆ ಸತ್ರು ಅಂತ ಒಪ್ಪಿದ ಹಾಗೆ ಆಗ್ತದಲ್ಲ ಅಮ್ಮ?"

"ನಿನ್ನ ಅಪ್ಪಯ್ಯ ಸತ್ತದ್ದ್ ಹೌದ್. ನಂಗೆ ಗೊತ್ತಿಲ್ದೆ ಅಲ್ಲ." ಕರಿಮಣಿ ಸರಿ ಮಾಡಿಕೊಂಡಳು. "ನನ್ನ ಗಂಡನ ವಿಷಯ ನಾ ನೋಡ್ಕಂತೆ. ಅದಕ್ಕೆ ನೀ ಬರ್ಬೇಡ."

ಅಜ್ಜಿ ನನ್ನ ಮುಖ ನೋಡಿದರು. ಇದನ್ನು ಇಂಗ್ಲಿಷಿಗೆ ಹೇಗೆ ತರುವುದೆಂದು ತಿಳಿಯದೆ, ಒಪ್ಪಿದ್ದಾರೆ ಎಂದಷ್ಟೇ ಹೇಳಿದೆ. ಅಜ್ಜಿ ಅಮ್ಮನನ್ನು ತಬ್ಬಿಕೊಂಡರು. ಅಮ್ಮ ಯಾಕೆಂದು ಕೇಳದೆ ತಬ್ಬಿಸಿಕೊಂಡಳು.

ಹಬ್ಬದ ದಿನ ಬಿಸಿಲು ಚೆನ್ನಾಗಿತ್ತು. ಗಂಡ ಪೂಜೆಗೆ ಹೋಗುವವನಂತೆ ಜುಬ್ಬಾ ಹಾಕಿಕೊಂಡು ಬಂದಿದ್ದ. ಅಮ್ಮ ಹಸಿರು ಸೀರೆ ಉಟ್ಟು, ಎಂದಿನಷ್ಟೇ ದೊಡ್ಡ ಕುಂಕುಮ ಇಟ್ಟು, ಮುಂದಿನ ಸಾಲಿನ ಮಡಿಸುವ ಕುರ್ಚಿಯಲ್ಲಿ ಕುಳಿತಳು. ಸರದಿಯಲ್ಲಿ ನನ್ನ ಮುಂದಿದ್ದವರು ಮುತ್ತಜ್ಜನ ಹೆಸರು ಹೇಳಲು ಬಂದಿದ್ದರು. ಹವಾಮಾನದ ಬಗ್ಗೆ ನನ್ನೊಡನೆ ಎರಡು ಮಾತಾಡಿ, ಹೋಗಿ ಹೇಳಿ ಬಂದರು. ನನ್ನ ಸರದಿ ಬಂದಾಗ ಮೈಕು ಕಿರುಚಿತು. ಅದು ಸುಮ್ಮನಾಗುವವರೆಗೆ ಕಾದು, ಊರಿನ ಹೆಸರು ಸೇರಿಸಿ ಅಪ್ಪಯ್ಯನ ಪೂರ್ತಿ ಹೆಸರು ಹೇಳಿದೆ. ಗಂಟೆ ಹೊಡೆದರು. ಎಲ್ಲರೂ ಎದ್ದು ನಿಂತರು. ಅಮ್ಮ ಏಳಲಿಲ್ಲ. ನನಗೆ ಅಳು ಬರುತ್ತದೆ ಎಂದುಕೊಂಡು ಟಿಶ್ಯೂ ತಂದಿದ್ದೆ. ಬರಲಿಲ್ಲ. ಇಷ್ಟೇನಾ ಎನ್ನಿಸಿತು. ಅಜ್ಜಿ ಅತ್ತರು, ಗಂಡ ಕೂಡ ಕಣ್ಣು ಒರೆಸಿಕೊಂಡ.

ಎಲ್ಲರಿಗೂ ನಿಂಬೆ ಶರಬತ್ತು ಕೊಡುತ್ತಿದ್ದಾಗ ಅಮ್ಮ ಕಾಣಲಿಲ್ಲ. ಮನೆಗೆ ಬಂದು ನೋಡಿದರೆ ನಮಗಿಂತ ಮೊದಲೇ ಬಂದು, ಗ್ಯಾರೇಜಿನ ಮುಂದೆ ಕಾರು ತೊಳೆಯುವ ಬಕೆಟ್ಟಿನಲ್ಲಿ ನೀರು ತುಂಬಿಸಿಕೊಂಡು ನಿಂತಿದ್ದಳು.

"ಅಲ್ಲೇ ನಿಲ್ಲ್. ಒಳಗ್ ಬರ್ಬೇಡ" ಎಂದು ನನ್ನನ್ನು ತಡೆದಳು.

"ಅತ್ತೆ, ಒಳಗೆ ಶವರ್ ಇದೆಯಲ್ಲ?" ಎಂದ ಗಂಡ.

"ಸೂತಕ ಒಳಗ್ ತರೂದಾ?" ಎಂದು ಅಮ್ಮ ಬಕೆಟ್ಟನ್ನು ನನ್ನ ತಲೆಯ ಮೇಲೆ ಸುರಿದಳು. ನಾಯಿಯನ್ನು ತಿರುಗಾಡಿಸುತ್ತಿದ್ದ ನೆರೆಯವರೊಬ್ಬರು ಕೈ ಎತ್ತಿ ಗುಡ್ ಆಫ್ಟರ್‌ನೂನ್ ಎಂದರು. ನಾನೂ ಎಂದೆ. ಅಮ್ಮ ಇನ್ನೊಂದು ಬಕೆಟ್ ಸುರಿದಳು. ತನ್ನ ಮೈ ಮೇಲೆ ಒಂದು ಹನಿಯನ್ನೂ ಹಾಕಿಕೊಳ್ಳಲಿಲ್ಲ. ಅಳಿಯನಿಗೆ ಸೂತಕ ಉಂಟೋ ಇಲ್ಲವೋ ಎಂದು ಯಾರೂ ಹೇಳದ ಕಾರಣ ಗಂಡ ಯಾವುದಕ್ಕೂ ಇರಲಿ ಎಂದು ಹೋಗಿ ಶವರ್‌ನಲ್ಲಿ ನಿಂತ.

ಬಟ್ಟೆ ಬದಲಿಸಿ ಬಂದಾಗ ಊಟಕ್ಕೆ ಬಡಿಸಿತ್ತು. ನನ್ನ ತಟ್ಟೆಯಲ್ಲಿ ಗಂಜಿ, ಪಕ್ಕದಲ್ಲಿ ಒಗ್ಗರಣೆಯಿಲ್ಲದ ತೊವ್ವೆ. ಅಮ್ಮನ ತಟ್ಟೆಯಲ್ಲಿ ಹುರಿದ ಬಂಗುಡೆ. ಸೂತಕದ ಮನೆಯವರು ಮೀನು ಮುಟ್ಟುವುದಿಲ್ಲ, ಆದರೆ ಅಮ್ಮನ ಲೆಕ್ಕದಲ್ಲಿ ಮೇಜಿನ ತನ್ನ ಬದಿಯಲ್ಲಿ ಯಾರೂ ಸತ್ತಿರಲಿಲ್ಲ. ಅವಳು ಮುಳ್ಳು ಬಿಡಿಸಿ ನಿಧಾನವಾಗಿ ಉಂಡಳು. ನನಗೆ ಸಿಟ್ಟು ಬಂತು. ಅಪ್ಪಯ್ಯನಿಗೆ ಬಂಗುಡೆ ಎಂದರೆ ಎಷ್ಟು ಇಷ್ಟವಿತ್ತು ಎಂಬುದು ನೆನಪಾಯಿತು. ಗಂಜಿ ಕುಡಿದು ಹೊರಗಿನ ಕೋಣೆಯ ಸೋಫಾದಲ್ಲಿ ಹೋಗಿ ಕುಳಿತೆ.

ಸ್ವಲ್ಪ ಹೊತ್ತಿಗೆ ಅಮ್ಮ ಕೈ ತೊಳೆದು, ಸೆರಗು ಸರಿ ಮಾಡಿಕೊಂಡು ಬಂದಳು. ದಿನಾ ಕುಳಿತುಕೊಳ್ಳುವ ತನ್ನ ಜಾಗದಲ್ಲಿ ಕುಳಿತುಕೊಳ್ಳಲಿಲ್ಲ. ಹೊರಗಿನಿಂದ ಬಂದವರು ಕುಳಿತುಕೊಳ್ಳುವ ಒಂಟಿ ಕುರ್ಚಿಯ ಅಂಚಿನಲ್ಲಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಊರಿನಲ್ಲಿ ಯಾರಾದರೂ ಸತ್ತಾಗ ಮಾತಾಡಿಸಲು ಹೋದ ಹೆಂಗಸರು ಹೀಗೆಯೇ ಕುಳಿತುಕೊಳ್ಳುತ್ತಾರೆ. ಅವರೆಲ್ಲ ಕೇಳುವ ಮಾತನ್ನೇ ಕೇಳಿದಳು.

"ಹ್ಯಾಂಗ್ ಆಯ್ತ್?"

ನಾನು ಅವಳ ಮುಖ ನೋಡಿದೆ. ತಮಾಷೆ ಇರಲಿಲ್ಲ. ಅಪ್ಪಯ್ಯ ಹೇಗೆ ಹೋದ ಎಂಬುದನ್ನು ನಾನೂ ಅಮ್ಮನೂ ಎಂದೂ ಮಾತಾಡಿಕೊಂಡಿರಲಿಲ್ಲ. ನಾನು ಹೇಳಿದೆ. ಹಡಗು ಅಟ್ಲಾಂಟಿಕ್‌ನಲ್ಲಿತ್ತು, ಬೆಳಿಗ್ಗೆ ಕೆಲಸಕ್ಕೆ ಇಳಿಯಲಿಲ್ಲ, ಮಲಗುವ ಜಾಗದಲ್ಲೂ ಇರಲಿಲ್ಲ, ಹಡಗನ್ನು ತಿರುಗಿಸಿ ಕತ್ತಲಾಗುವವರೆಗೆ ಹುಡುಕಿದರು, ಆಮೇಲೆ ಬಿಟ್ಟರು ಎಂದೆ. ಕಂಪನಿಯವರು ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದೆ ಎಂದೆ. ಅಮ್ಮ ಇದೆಲ್ಲ ಮೊದಲ ಸಲ ಕೇಳುವವಳ ಹಾಗೆ ನಡುನಡುವೆ "ಅಯ್ಯೋ" ಎನ್ನುತ್ತಿದ್ದಳು.

"ನಿಂಗ್ ಎಷ್ಟ್ ಪ್ರಾಯ ಆಗ?"

"ಹನ್ನೊಂದು."

"ಅಯ್ಯೋ ದೇವ್ರೆ" ಎಂದಳು ಅಮ್ಮ. "ಸಣ್ಣ ಹೆಣ್ಣ್. ಎಂತ ಮಾಡ್ತ್ ಅದ್, ಪಾಪ."

ಆಗ ನನಗೆ ಅಳು ಬಂತು. ಕಟ್ಟೆಯ ಮೇಲೆ ಬಾರದೆ ಇದ್ದದ್ದೂ, ಆ ಮಳೆಗಾಲದಲ್ಲಿ ಬಾರದೆ ಇದ್ದದ್ದೂ ಒಟ್ಟಿಗೆ ಬಂತು. ಹನ್ನೊಂದು ವರ್ಷದವರು ಅಳುವ ಹಾಗೆ, ಮೂಗು ಬಾಯಿ ಒಂದು ಮಾಡಿಕೊಂಡು ಅತ್ತೆ. ಅಮ್ಮ ಸುಮ್ಮನಿರು ಎನ್ನಲಿಲ್ಲ. ತಾನು ಅಳಲೂ ಇಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟು, ಅದು ತಾನಾಗಿ ನಿಲ್ಲುವವರೆಗೆ ಕಾದಳು.

ನಮ್ಮಲ್ಲಿ ಬೇರೆ ಯಾವ ಮನೆಯಿಂದ ಏಳುವಾಗಲೂ 'ಬರ್ತೆ' ಎಂದು ಹೇಳಿಯೇ ಏಳುತ್ತಾರೆ. ಸಾವಿನ ಮನೆಯಲ್ಲಿ ಮಾತ್ರ ಹಾಗೆ ಹೇಳುವುದಿಲ್ಲ. ಅಮ್ಮ ಎದ್ದು, ನನ್ನ ಕಡೆ ತಿರುಗದೆ, ಏನೂ ಹೇಳದೆ, ಪಕ್ಕದಲ್ಲೇ ಇದ್ದ ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.