ಕಾಲುವೆ ಕಡೆಯ ಮರೆ

ಕ್ಲಿಫ್ ಸ್ಕೀಲ್ಸ್‌ಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ಬಟಾಬಯಲಲ್ಲಿ ಮಾಯವಾಗುವುದು. ಜೌಗು ಬಸಿದು ಬಯಲು ಮಾಡಿದ ನಮ್ಮ ಫೆನ್ ಸೀಮೆಯ ಕಪ್ಪು ನೆಲದಲ್ಲಿ ಮೊಲ ಎದ್ದು ನಿಂತರೂ ಅರ್ಧ ಮೈಲಿಯಿಂದ ಕಾಣುತ್ತದೆ. ಅಂಥಲ್ಲಿ ಆರಡಿ ಆಳು, ಅವನ ಕೋವಿ, ಕೂರುವ ಬಕೆಟ್ಟು, ಚಹಾದ ಫ್ಲಾಸ್ಕು ಎಲ್ಲವೂ ಹತ್ತು ನಿಮಿಷದಲ್ಲಿ ಇಲ್ಲವಾಗುತ್ತಿದ್ದವು. ಮೂವತ್ತು ವರ್ಷ ಅವನ ಎದುರುಮನೆಯಲ್ಲಿದ್ದ ನಾನೇ ನಾಯಿ ಕರೆದುಕೊಂಡು ಹೋಗಿ ಎರಡು ಸಲ ಅವನ ಕಾಲಿಗೆ ಎಡವಿ ಬಿದ್ದಿದ್ದೇನೆ.

ಮೊದಲ ದಿನ ಅವನು ಕೋವಿ ಮುಟ್ಟುತ್ತಿರಲಿಲ್ಲ. ಬೆಳೆ ತಿನ್ನುವ ಕಾಡುಪಾರಿವಾಳಗಳು ಯಾವ ದಾರಿ ಹಿಡಿದು ಹೊಲಕ್ಕೆ ಬರುತ್ತವೆ ಎಂದು ಸುಮ್ಮನೆ ನೋಡುವುದು. ಮರುದಿನ ಗಾಳಿಗೆ ಬೆನ್ನು ಕೊಟ್ಟು ನಾಲ್ಕು ಕೋಲು ನೆಟ್ಟು, ಬಲೆ ಸುತ್ತಿ, ಪಕ್ಕದ ಬೇಲಿಯ ಸೊಪ್ಪನ್ನೇ ಬಲೆಗೆ ಸಿಕ್ಕಿಸಿ, ಕೂರಲು ಮರೆ ಕಟ್ಟುವುದು. ಎದುರಿಗೆ ಗೊಂಬೆ ಪಾರಿವಾಳಗಳನ್ನು ಗಾಳಿಗೆ ಮುಖ ಮಾಡಿ ಲಾಳದ ಆಕಾರದಲ್ಲಿ ಇಟ್ಟು, ನಡುವೆ ನಿಜವಾದ ಹಕ್ಕಿ ಇಳಿಯಲು ಜಾಗ ಬಿಡುವುದು. ಆಮೇಲೆ ಚೀಸ್ ಮತ್ತು ಉಪ್ಪಿನಕಾಯಿಯ ಬ್ರೆಡ್ಡು ತಿನ್ನುತ್ತಾ ಕಾಯುವುದು.

ಮೊದಲು ಆ ಮರೆಯಲ್ಲಿ ಎರಡು ಬಕೆಟ್ಟಿದ್ದವು. ಎರಡನೆಯದು ಅವನ ಗೆಳೆಯ ಪರ್ಸ್ ಲ್ಯಾವೆಂಡರ್‌ನದು. ಹನ್ನೊಂದು ವರ್ಷದ ಹಿಂದೆ ಪಬ್ಬಿನಲ್ಲಿ ಎಲ್ಲರೆದುರು ಕ್ಲಿಫ್, "ಪರ್ಸ್ ಮರೆ ಕಟ್ಟಿದ್ರೆ ಕೋಳಿಗೂಡು ಕಟ್ಟಿದ ಹಾಗಿರುತ್ತೆ, ಹಕ್ಕಿಗಳು ನಕ್ಕು ನಕ್ಕು ಸಾಯ್ತವೆ, ತೋಟಾನೇ ಬೇಡ" ಅಂದುಬಿಟ್ಟ. ನಾವೆಲ್ಲ ನಕ್ಕೆವು, ನಾನೂ ನಕ್ಕೆ. ಪರ್ಸ್ ನಗಲಿಲ್ಲ. ಮರುದಿನ ತನ್ನ ಬಕೆಟ್ಟು ಎತ್ತಿಕೊಂಡು ಅದೇ ಹೊಲದ ಆಚೆ ತುದಿಗೆ, ಕಾಲುವೆ ಪಕ್ಕಕ್ಕೆ ಹೋಗಿ ಕೋಳಿಗೂಡಿನಂಥ ಎತ್ತರದ ಮರೆಯನ್ನೇ ಕಟ್ಟಿದ. ಅಲ್ಲಿಂದಾಚೆಗೆ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ. ಎರಡು ಮುದಿ ಹೋರಿಗಳು.

ಫೆಬ್ರವರಿಯಲ್ಲಿ ಪರ್ಸ್ ತೀರಿಕೊಂಡ. ಮಣ್ಣಿಗೆ ಹೋದವರೆಲ್ಲ ಒಳಗಿದ್ದರೆ ಕ್ಲಿಫ್ ಸ್ಮಶಾನದ ಗೇಟಿನಾಚೆ ಟೋಪಿ ಹಿಡಿದು ನಿಂತಿದ್ದ.

ಏಪ್ರಿಲ್‌ನಲ್ಲಿ ಬಟಾಣಿ ಮೊಳೆಯಿತು, ಮೊಳಕೆ ತಿನ್ನಲು ಪಾರಿವಾಳ ಬಂದವು. ಕ್ಲಿಫ್ ಎಂದಿನಂತೆ ಮರೆ ಕಟ್ಟಿದ. ಎರಡು ಗುಂಡು ಹೊಡೆದ. ಹಿಂಡು ಎದ್ದು ಕಾಲುವೆ ಕಡೆಗೆ ಹೋಗಿ ಇಳಿದು ಆರಾಮಾಗಿ ಮೇಯತೊಡಗಿತು. ಸಂಜೆಯವರೆಗೂ ಒಂದೂ ವಾಪಸು ಬರಲಿಲ್ಲ. ಮೂರು ದಿನ ಇದೇ ಹಾಡು. ಹೊಲದೊಡತಿ ರೋನಾ ಗೋಟೊಬೆಡ್ ಕ್ಲಿಫ್‌ನ ಕಣ್ಣೆದುರೇ ಬೆಳೆದವಳು. ಆದರೂ ಬಟಾಣಿ ಬಟಾಣಿಯೇ.

"ನಿಮ್ಮನ್ನ ಬೇಡ ಅನ್ನೋಕೆ ನಂಗೂ ಬಾಯಿ ಬರಲ್ಲ ಕ್ಲಿಫ್," ಅಂದಳು. "ಶನಿವಾರದವರೆಗೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಹೊರಗಿನ ಹುಡುಗ್ರು ಇಬ್ರು ಬರ್ತಾರೆ, ಹೊಲ ಅವರಿಗೆ."

"ಆಗ್ಲಮ್ಮ," ಅಂದ ಕ್ಲಿಫ್. ಆ ಹೊಲ ಬಿಟ್ಟರೆ ಅವನಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ. ಮನೆಯಲ್ಲಿ ಇದ್ದದ್ದು ರೇಡಿಯೋ ಒಂದೇ.

ಪರ್ಸ್‌ನ ಕೋಲು, ಬಲೆ ಕೇಳಿ ತಂದು ಕಾಲುವೆ ಕಡೆ ಮರೆ ಕಟ್ಟಿ, ಅದರಲ್ಲಿ ಒಂದು ಬೆದರುಬೊಂಬೆ ಕೂರಿಸೋಣವೆಂದು ಕ್ಲಿಫ್ ಯೋಚಿಸಿದ. ಪರ್ಸ್‌ನ ಹೆಂಡತಿ ಈಡಿಯ ಮನೆಗೆ ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಎಳೆದುಕೊಂಡು ಹೋದ.

"ಹನ್ನೊಂದು ವರ್ಷಕ್ಕೆ ದಾರಿ ಸಿಕ್ತಾ?" ಅಂದಳು ಈಡಿ. "ಬೂಟ್ಸು ಒರೆಸ್ಕೊಂಡು ಬಾ."

ಕೋಲು, ಬಲೆ ತಂದು ಅವನ ಮುಂದಿಟ್ಟಳು. "ತಗೊಂಡ್ಹೋಗು. ಅವನಿಗೂ ಉಪಯೋಗ ಅಷ್ಟಕ್ಕಷ್ಟೇ ಇತ್ತು. ಎರಡು ವರ್ಷದಿಂದ ನನ್ನ ಅಡುಗೆಮನೆಗೆ ಒಂದು ಪುಕ್ಕ ಬಂದಿಲ್ಲ."

"ಯಾಕೆ? ಅವನ ಕೋವಿ ಸದ್ದು ದಿನಾ ಕೇಳ್ತಿತ್ತಲ್ಲ," ಅಂದ ಕ್ಲಿಫ್.

"ಅವನಿಗೆ ಕಣ್ಣೆಲ್ಲಿ ಕಾಣ್ತಿತ್ತೋ ಮಾರಾಯ! ಬರೀ ಮಬ್ಬು. ರೆಕ್ಕೆ ಸದ್ದು ಕೇಳಿದ್ರೆ ಆಕಾಶಕ್ಕೆ ಎರಡು ಹೊಡೀತಿದ್ದ. ಮನೇಲಿ ಬಿದ್ಕೊಂಡಿರು ಅಂತ ನಾನು ಬೈದ್ರೆ, 'ನಾನು ಎಬ್ಬಿಸ್ದೆ ಇದ್ರೆ ಆ ಕ್ಲಿಫ್ ಕಡೆ ಹಕ್ಕಿ ಹೋಗುತ್ತೇನೇ' ಅಂತಿದ್ದ."

ಕ್ಲಿಫ್ ಕೋಲುಗಳ ಕಟ್ಟನ್ನು ಬಿಚ್ಚಿದ, ಮತ್ತೆ ಕಟ್ಟಿದ. ಈಡಿ ಕೊಟ್ಟ ಚಹಾ ಆರಿ ತಣ್ಣಗಾಯಿತು. ಹಿಂದಿರುಗುವಾಗ ಕೋಲಿನ ಕಟ್ಟನ್ನು ನನ್ನ ಕೈಗೆ ಕೊಡದೆ ತಾನೇ ಹೊತ್ತ. ನನಗೆ ಆ ಪಬ್ಬಿನ ನಗು ನೆನಪಾಯಿತು, ಅದರಲ್ಲಿ ನನ್ನದೂ ಇತ್ತು.

ಶನಿವಾರ ಬೆಳಿಗ್ಗೆ ಅವನು ತನ್ನ ಜಾಗದಲ್ಲಿ ಮರೆ ಕಟ್ಟಿ, ಗೊಂಬೆಗಳನ್ನಿಟ್ಟು, ಒಳಗೆ ಬಕೆಟ್ಟನ್ನೂ ಇಟ್ಟ. ಆಮೇಲೆ ಪರ್ಸ್‌ನ ಕೋಲು ಹೊತ್ತು ಕಾಲುವೆ ಕಡೆಗೆ ನಡೆದ. ನಾನು ಬಲೆ ಹೊತ್ತೆ. ಕೋಲುಗಳನ್ನು ತಗ್ಗಿಸುತ್ತಾನೆ ಅಂದುಕೊಂಡಿದ್ದೆ. ತಗ್ಗಿಸಲಿಲ್ಲ, ಕೋಳಿಗೂಡಿನಷ್ಟೇ ಎತ್ತರಕ್ಕೆ ಕಟ್ಟಿ ಒಳಗೆ ನಿಂತ. ಬೆದರುಬೊಂಬೆಯ ಮಾತೆತ್ತಲಿಲ್ಲ.

ಪಾರಿವಾಳ ಬಂದವು. ಕ್ಲಿಫ್ ಗುರಿಯಿಡದೆ ಆಕಾಶಕ್ಕೆ ಎರಡು ಹೊಡೆದ. ಹಿಂಡು ಎದ್ದಿತು, ಇಡೀ ಹೊಲ ದಾಟಿತು, ಅವನ ಗೊಂಬೆಗಳ ಮೇಲೆ ರೆಕ್ಕೆ ಬಿಚ್ಚಿ, ಅವನು ಬಿಟ್ಟಿದ್ದ ಜಾಗಕ್ಕೇ ಇಳಿಯಿತು. ಆ ಕಡೆ ಹೊಡೆಯುವವರು ಯಾರೂ ಇರಲಿಲ್ಲ.

"ಎಷ್ಟು ಚೆನ್ನಾಗಿ ಹೋಗ್ತವೆ ನೋಡು," ಅಂದ. "ಹನ್ನೊಂದು ವರ್ಷ ಅವು ನನ್ನ ಕಡೆ ಬರೋದು ನನ್ನ ಜಾಣತನ ಅಂದ್ಕೊಂಡಿದ್ದೆ."

ಮಧ್ಯಾಹ್ನ ರೋನಾ ಬಂದು ಹೊಲ ನೋಡಿದಳು, ಅವನನ್ನು ನೋಡಿದಳು. ಅವನೇ ಮೊದಲು ಮಾತಾಡಿದ.

"ಆ ಹುಡುಗ್ರನ್ನ ಬರೋಕೆ ಹೇಳಮ್ಮ. ನನ್ನ ಮರೆ ಕಟ್ಟೇ ಇದೆ, ಅಲ್ಲಿ ಕೂತ್ಕೊಳ್ಲಿ."

"ಮತ್ತೆ ನೀವು?"

"ನಾನು ಇಲ್ಲೇ ಇರ್ತೀನಿ. ಈ ಕಡೆಯಿಂದ ಎಬ್ಬಿಸೋಕೆ ಒಬ್ಬ ಬೇಕಲ್ಲ."